ಕಾರ್ ಶೆಡ್‌ಗೆ ಗಟ್ಟಿ ಕಬ್ಬಿಣದ ರ‍್ಯಾಕ್: ಆರಿಸುವುದು, ಜೋಡಿಸುವುದು

ರ‍್ಯಾಕ್ ಕೊಳ್ಳಲು ಹೋದವರು ಮೊದಲು ಕೇಳುವುದು "ಎಷ್ಟು ಕಿಲೋ ತಡೆಯುತ್ತೆ?" ಅಂತ. ಅಂಗಡಿಯವರು "ಒಂದೊಂದು ತಟ್ಟೆಗೆ ನೂರು ಕಿಲೋ ಸಾರ್, ಯೋಚನೆನೇ ಬೇಡ" ಅನ್ನುತ್ತಾರೆ. ಆ ನೂರು ಕಿಲೋ ತಟ್ಟೆಯ ಉದ್ದಗಲಕ್ಕೂ ಸಮನಾಗಿ ಹರಡಿದಾಗಿನ ಲೆಕ್ಕ. ನಾವು ಹಾಗೆ ಇಡುತ್ತೇವಾ? ಪೇಂಟ್ ಬಕೆಟ್ ನಡುವೆ ಇಡುತ್ತೇವೆ, ಡ್ರಿಲ್ ಮಷೀನ್ ಪೆಟ್ಟಿಗೆ ಅದರ ಪಕ್ಕಕ್ಕೆ ತಳ್ಳುತ್ತೇವೆ. ಹಾಗಾಗಿ ಕಿಲೋ ಬಿಟ್ಟು ಮೂರು ವಿಷಯ ಕೇಳಿ: ಕಬ್ಬಿಣ ಎಷ್ಟು ದಪ್ಪ, ತಟ್ಟೆ ಎಷ್ಟು ಉದ್ದ, ಒಂದು ತಟ್ಟೆಗೆ ಎಷ್ಟು ಬೋಲ್ಟ್. ಗಟ್ಟಿತನ ಪೂರ್ತಿ ಅಲ್ಲೇ ಇದೆ.

ಆದರೆ ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಶೆಡ್‌ನಲ್ಲಿ ಒಂದು ಸುತ್ತು ಬನ್ನಿ. ನಮ್ಮ ಮನೆಗಳಲ್ಲಿ ಕಾರ್ ನಿಲ್ಲುವ ಜಾಗದಲ್ಲೇ ಸಂಪ್ ಇರುತ್ತದೆ, ಮೋಟರ್ ಸ್ವಿಚ್ ಇರುತ್ತದೆ, ಮೀಟರ್ ಬೋರ್ಡ್ ಇರುತ್ತದೆ, ಎಷ್ಟೋ ಕಡೆ ಚೇಂಬರ್ ಮುಚ್ಚಳವೂ ಅಲ್ಲೇ. ಇವುಗಳ ಮುಂದೆ ರ‍್ಯಾಕ್ ಬರಲೇಬಾರದು. ಸಂಪ್ ತೊಳೆಸಬೇಕಾದ ದಿನ ತುಂಬಿದ ರ‍್ಯಾಕನ್ನು ಎಳೆಯಲು ಆಗುವುದಿಲ್ಲ, ಎಳೆದರೆ ಕಾಲು ಸೊಟ್ಟಗಾಗುತ್ತದೆ. ಮೀಟರ್ ಓದಲು ಬರುವವರಿಗೂ ದಾರಿ ಬೇಕು. ಶಾರ್ಟ್ ಆದರೆ ಮೇನ್ ಆಫ್ ಮಾಡಲು ಕತ್ತಲಲ್ಲೂ ಕೈ ಸಿಗಬೇಕು, ಅಲ್ವಾ?

ಆಮೇಲೆ ಕಾರ್ ಒಳಗೆ ನಿಲ್ಲಿಸಿ ಬಾಗಿಲು ತೆಗೆದು ಅಳೆಯಿರಿ. ಸ್ವಿಫ್ಟ್ ತರಹದ ಕಾರ್‌ನ ಅಗಲ ಸುಮಾರು 1735 ಮಿಲಿಮೀಟರ್, ಅಂದರೆ ಐದು ಮುಕ್ಕಾಲು ಅಡಿಗೆ ಸ್ವಲ್ಪ ಕಡಿಮೆ. ಶೆಡ್ ಹತ್ತು ಅಡಿ ಅಗಲವಿದ್ದರೆ ಉಳಿಯುವುದು ನಾಲ್ಕೂಕಾಲು ಅಡಿ ಚಿಲ್ಲರೆ. ಡ್ರೈವರ್ ಕಡೆ ಇಳಿಯಲು ಎರಡೂವರೆ ಅಡಿಯಾದರೂ ಬೇಕು. ಹಾಗಾಗಿ ಪಕ್ಕದ ಗೋಡೆಗೆ ರ‍್ಯಾಕ್ ಇಡುವುದಾದರೆ 12 ಇಂಚು ಆಳ ಸಾಕು, 18 ಇಂಚಿನದು ಬೇಕೇ ಬೇಕು ಅನ್ನುವವರು ಕಾರ್‌ನ ಮುಂದೆ, ಹಿಂಗೋಡೆಗೆ ಇಡಿ. ನನ್ನ ಕೇಳಿದರೆ 15 ಇಂಚು ಒಳ್ಳೆಯ ಅಳತೆ: ಪೆಟ್ಟಿಗೆಗಳು ಕೂರುತ್ತವೆ, ಹಿಂದಿನ ಸಾಮಾನೂ ಕೈಗೆ ಸಿಗುತ್ತದೆ.

ಈಗ ಯಾವ ರ‍್ಯಾಕ್ ಅನ್ನುವ ಮಾತು. ಪ್ಲಾಸ್ಟಿಕ್‌ನದು ಮಕ್ಕಳ ಆಟಿಕೆಗೆ, ಚಪ್ಪಲಿಗೆ ಸರಿ. ಬೋಲ್ಟ್ ಇಲ್ಲದೆ ಸಿಕ್ಕಿಸಿ ಜೋಡಿಸುವ ರ‍್ಯಾಕ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಒಳಮನೆಗೆ ಚೆನ್ನಾಗಿಯೇ ಇರುತ್ತವೆ. ಆದರೆ ಅವುಗಳಲ್ಲಿ ಎಷ್ಟೋ ರ‍್ಯಾಕ್‌ಗಳ ತಟ್ಟೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಮತ್ತು ನಮ್ಮ ಶೆಡ್‌ಗಳು ಅರ್ಧ ತೆರೆದೇ ಇರುತ್ತವೆ. ಎರಡು ಮಳೆಗಾಲ ಇರಚಲು ಬಿದ್ದರೆ ಎಂಡಿಎಫ್ ಉಬ್ಬಿ ಪುಡಿಯಾಗುತ್ತದೆ. ಮಲೆನಾಡಲ್ಲಾದರೆ ಅದರ ಜೊತೆಗೆ ಗೆದ್ದಲು. ಇದಕ್ಕೆಲ್ಲ ಸರಿಯಾದದ್ದು ಕಿರಾಣಿ ಅಂಗಡಿಗಳಲ್ಲಿ, ಆಫೀಸಿನ ಸ್ಟೋರ್ ರೂಮುಗಳಲ್ಲಿ ನೀವು ನೋಡಿರುವ ಸ್ಲಾಟೆಡ್ ಆಂಗಲ್ ರ‍್ಯಾಕ್. ಉದ್ದಕ್ಕೂ ತೂತಿರುವ ನಾಲ್ಕು ಆಂಗಲ್ (ಎಲ್ ಆಕಾರಕ್ಕೆ ಮಡಚಿದ ಕಬ್ಬಿಣದ ಕಾಲು), ಮಡಚಿದ ಅಂಚಿನ ಶೀಟ್ ತಟ್ಟೆಗಳು, ನಟ್ ಬೋಲ್ಟ್. ಬೇಕಾದ ಎತ್ತರಕ್ಕೆ ತಟ್ಟೆ ಏರಿಸಬಹುದು, ಮನೆ ಬದಲಾಯಿಸಿದರೆ ಬಿಚ್ಚಿ ಕಟ್ಟಿಕೊಂಡು ಹೋಗಬಹುದು. ಬೆಂಗಳೂರಲ್ಲಿ ಪೀಣ್ಯ, ಹುಬ್ಬಳ್ಳಿಯಲ್ಲಿ ಗೋಕುಲ್ ರೋಡ್, ಮಂಗಳೂರಲ್ಲಿ ಬೈಕಂಪಾಡಿ, ಹೀಗೆ ಕೈಗಾರಿಕಾ ಪ್ರದೇಶಗಳ ಕಡೆ ವಿಚಾರಿಸಿದರೆ ಶೀಟ್ ಕೆಲಸ ಮಾಡುವವರಿಂದ ನಿಮ್ಮ ಅಳತೆಗೇ ಮಾಡಿಸಿಕೊಳ್ಳಬಹುದು.

ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ನಂಬರ್ ಜಾಸ್ತಿಯಾದಷ್ಟೂ ಶೀಟ್ ತೆಳು. 14 ಗೇಜ್ ಅಂದರೆ ಸುಮಾರು 2 ಎಂಎಂ, 18 ಅಂದರೆ 1.2, 20 ಅಂದರೆ 0.9, 22 ಅಂದರೆ 0.7. ಕಾಲುಗಳಿಗೆ 14 ಗೇಜ್ ಆಂಗಲ್, ತಟ್ಟೆಗೆ 20 ಗೇಜ್ ತೆಗೆದುಕೊಳ್ಳಿ. ಭಾರದ ಸಾಮಾನು ಇಡುವ ಕೆಳಗಿನ ಎರಡು ತಟ್ಟೆಗೆ 18 ಇದ್ದರೆ ಇನ್ನೂ ಒಳ್ಳೆಯದು. ಬಣ್ಣ ಬಳಿದ ಮೇಲೆ 20 ಯಾವುದು 22 ಯಾವುದು ಕಣ್ಣಿಗೆ ಗೊತ್ತಾಗುವುದಿಲ್ಲ, ಅಲ್ಲೇ ಮೋಸ ನಡೆಯುವುದು. ಅದಕ್ಕೆ ತೂಕ ಹಾಕಿಸಿ. ಕಬ್ಬಿಣದ ಶೀಟ್ 1 ಎಂಎಂ ದಪ್ಪಕ್ಕೆ ಒಂದು ಚದರ ಮೀಟರ್‌ಗೆ 7.85 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ 36 ಇಂಚು ಉದ್ದ, 15 ಇಂಚು ಆಳದ ತಟ್ಟೆ, ಮಡಚಿದ ಅಂಚೂ ಸೇರಿ, 20 ಗೇಜ್‌ನಲ್ಲಿ ಹೆಚ್ಚೂಕಡಿಮೆ 3 ಕಿಲೋ ಬರಬೇಕು. 22 ಆದರೆ ಎರಡೂವರೆ ಕಿಲೋನೂ ದಾಟುವುದಿಲ್ಲ. ಏಳು ಅಡಿ ಎತ್ತರ, ಐದು ತಟ್ಟೆಯ ಪೂರ್ತಿ ರ‍್ಯಾಕ್ 24-25 ಕಿಲೋ ಆಗುತ್ತದೆ. ಆನ್‌ಲೈನ್‌ನಲ್ಲಿ ಅದೇ ಅಳತೆಗೆ 12 ಕಿಲೋ ಅಂತ ಬರೆದಿದ್ದರೆ ಉಳಿದ ಕಬ್ಬಿಣ ಎಲ್ಲಿ ಹೋಯಿತು ಅಂತ ನೀವೇ ಲೆಕ್ಕ ಹಾಕಿ.

ಉದ್ದ ಮೂರು ಅಡಿ ಮೀರಬೇಡಿ. ನಾಲ್ಕು ಅಡಿಯದು ನೋಡಲು ಅನುಕೂಲ ಅನ್ನಿಸುತ್ತದೆ, ಆದರೆ ತಟ್ಟೆ ಬಾಗುವುದು ಉದ್ದದ ಘನಕ್ಕೆ (ಉದ್ದ × ಉದ್ದ × ಉದ್ದ) ತಕ್ಕಂತೆ ಏರುತ್ತದೆ. ಅದೇ ಶೀಟ್, ಅದೇ ತೂಕ, ಉದ್ದ ಮಾತ್ರ ಮೂರರಿಂದ ನಾಲ್ಕು ಅಡಿ ಆದರೆ ಬಾಗು ಎರಡು ಪಟ್ಟಿಗೂ ಜಾಸ್ತಿ. ನಾಲ್ಕು ಅಡಿ ಬೇಕೇ ಬೇಕಾದರೆ ತಟ್ಟೆಯ ಅಡಿಯಲ್ಲಿ ಉದ್ದಕ್ಕೆ ಒಂದು ಪಟ್ಟಿ ಬೆಸುಗೆ ಹಾಕಿರಬೇಕು, ತಿರುಗಿಸಿ ನೋಡಿ.

ಬೋಲ್ಟ್ ಲೆಕ್ಕ ಹಾಕದೆ ಅಂಗಡಿ ಬಿಡಬೇಡಿ. ತಟ್ಟೆಯ ಪ್ರತಿ ಮೂಲೆಗೂ ಎರಡು ಬೋಲ್ಟ್, ಆಂಗಲ್‌ನ ಒಂದೊಂದು ಮುಖಕ್ಕೆ ಒಂದು. ಅಂದರೆ ತಟ್ಟೆಗೆ ಎಂಟು, ಐದು ತಟ್ಟೆಗೆ ನಲವತ್ತು. ಮೂಲೆ ಅಲುಗದಂತೆ ಹಾಕುವ ಕಾರ್ನರ್ ಪ್ಲೇಟ್‌ಗಳಿಗೆ ಬೇರೆ. ಎಷ್ಟೋ ಕಡೆ ತಟ್ಟೆಗೆ ನಾಲ್ಕೇ ಕೊಟ್ಟು ಕಳಿಸುತ್ತಾರೆ, ಆ ರ‍್ಯಾಕ್ ಮುಟ್ಟಿದರೆ ತೊಟ್ಟಿಲಿನ ಹಾಗೆ ಓಲಾಡುತ್ತದೆ. ಕಾರ್ನರ್ ಪ್ಲೇಟ್, ಕಾಲಿಗೆ ಬೇಸ್ ಪ್ಲೇಟ್, ಹಿಂದೆ ಎಕ್ಸ್ ಆಕಾರಕ್ಕೆ ಎರಡು ಪಟ್ಟಿ, ಇವನ್ನೂ ಕೇಳಿ ತೆಗೆದುಕೊಳ್ಳಿ. ದುಡ್ಡು ಉಳಿಸಲೇಬೇಕಾದರೆ ಒಂದು ತಟ್ಟೆ ಕಡಿಮೆ ಮಾಡಿ, ಇವನ್ನು ಬಿಡಬೇಡಿ.

ಜೋಡಿಸಲು ಇಬ್ಬರು ಇರಲಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಶೀಟ್‌ನ ಅಂಚು ಬ್ಲೇಡ್‌ಗಿಂತ ಕಡಿಮೆಯಿಲ್ಲ. 8 ಎಂಎಂ ಬೋಲ್ಟ್ ಆದರೆ 13 ನಂಬರ್ ಸ್ಪ್ಯಾನರ್ ಎರಡು ಬೇಕು. ಹಳೆಯ ರಟ್ಟು ಹಾಸಿ ಎರಡು ಆಂಗಲ್ ಮಲಗಿಸಿ, ಮೊದಲು ಎಲ್ಲಕ್ಕಿಂತ ಮೇಲಿನ ಮತ್ತು ಕೆಳಗಿನ ತಟ್ಟೆ ಹಾಕಿ. ಬೋಲ್ಟ್ ತಲೆ ಹೊರಗೆ, ನಟ್ ಒಳಗೆ, ಇಲ್ಲದಿದ್ದರೆ ಓಡಾಡುವಾಗ ಬಟ್ಟೆ ಸಿಕ್ಕುತ್ತದೆ. ನಟ್‌ಗಳನ್ನು ಈಗ ಬೆರಳಲ್ಲಿ ತಿರುಗಿಸಿದಷ್ಟೇ ಸಾಕು, ಬಿಗಿ ಮಾಡಬೇಡಿ. ಉಳಿದೆರಡು ಆಂಗಲ್ ಮೇಲಿನಿಂದ ಸೇರಿಸಿ, ಎತ್ತಿ ನಿಲ್ಲಿಸಿ, ನಡುವಿನ ತಟ್ಟೆಗಳನ್ನು ಹಾಕಿ. ತೂತು ಎಣಿಸುವಾಗ ನಾಲ್ಕೂ ಕಾಲಲ್ಲಿ ಕೆಳಗಿನಿಂದಲೇ ಎಣಿಸಿ. ಕೆಳಗಿನ ತಟ್ಟೆ ನೆಲದಿಂದ ಆರು ಇಂಚಾದರೂ ಮೇಲಿರಲಿ, ಪೊರಕೆ ಹೋಗಬೇಕು, ಹೆಗ್ಗಣ ಮನೆ ಮಾಡಬಾರದು.

ಇನ್ನು ನೇರ ಮಾಡುವುದು. ಮುಂದಿನ ಮುಖದ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ, ಎರಡೂ ಅಳತೆ ಒಂದೇ ಬರಬೇಕು. ಬರದಿದ್ದರೆ ಉದ್ದ ಬಂದ ಮೂಲೆಯನ್ನು ಒಳಕ್ಕೆ ತಳ್ಳಿ. ಸರಿಯಾದ ಮೇಲೆ ಕಾರ್ನರ್ ಪ್ಲೇಟ್, ಹಿಂದಿನ ಪಟ್ಟಿ ಹಾಕಿ ಎಲ್ಲ ಬಿಗಿ ಮಾಡಿ. ಆಮೇಲೆ ರಸಮಟ್ಟ ಇಟ್ಟು ನೋಡಿ. ನೀರು ಹೊರಗೆ ಹೋಗಲಿ ಅಂತ ಶೆಡ್ ನೆಲ ಗೇಟ್ ಕಡೆಗೆ ಇಳಿಜಾರು ಇರುತ್ತದೆ, ಹಾಗಾಗಿ ಒಂದು ಕಡೆ ಕಾಲಿನ ಕೆಳಗೆ ಕಬ್ಬಿಣದ ತುಂಡು ಕೊಡಬೇಕಾಗುತ್ತದೆ. ರಟ್ಟು, ಮರದ ಚಕ್ಕೆ ಬೇಡ, ನೆನೆದು ಕುಸಿಯುತ್ತವೆ.

ಗೋಡೆಗೆ ಹಿಡಿಸುವುದನ್ನು ದಯವಿಟ್ಟು ಮುಂದೂಡಬೇಡಿ. ಏಳು ಅಡಿ ಎತ್ತರ, 15 ಇಂಚು ಆಳದ ರ‍್ಯಾಕ್‌ಗೆ ಮಗು ಹತ್ತಿದರೆ ಸಾಕು, ಮುಂದಕ್ಕೆ ಬೀಳುತ್ತದೆ. ಮೇಲಿನ ತಟ್ಟೆಯ ಹತ್ತಿರ ಎರಡು ಕಡೆ ಎಲ್ ಕ್ಲಾಂಪ್ ಹಾಕಿ. ಹತ್ತಿರದಲ್ಲಿ ಕಾಂಕ್ರೀಟ್ ಪಿಲ್ಲರ್ ಇದ್ದರೆ ಅದಕ್ಕೇ ಆಂಕರ್ ಬೋಲ್ಟ್ ಹೊಡೆಯಿರಿ. ಇಟ್ಟಿಗೆ ಗೋಡೆಯೂ ಪರವಾಗಿಲ್ಲ. ಹಾಲೋ ಬ್ಲಾಕ್ ಗೋಡೆಯಲ್ಲಿ ಬಿಗಿ ಮಾಡಿದರೆ ಬ್ಲಾಕ್‌ನ ಸಿಪ್ಪೆ ಒಡೆದು ಬರುತ್ತದೆ, ಹಗುರ ಎಎಸಿ ಬ್ಲಾಕ್ ಕೂಡ ಮೆತ್ತಗೆ. ಇವೆರಡಕ್ಕೂ ಅವಕ್ಕೆಂದೇ ಮಾಡಿದ ಪ್ಲಗ್ ಕೇಳಿ ತನ್ನಿ. ಬಾಡಿಗೆ ಮನೆ, ಗೋಡೆಗೆ ತೂತು ಬೇಡ ಅಂದರೆ ಎರಡು ರ‍್ಯಾಕನ್ನು ಮೂಲೆಯಲ್ಲಿ ಎಲ್ ಆಕಾರಕ್ಕೆ ನಿಲ್ಲಿಸಿ ಒಂದಕ್ಕೊಂದು ಬೋಲ್ಟ್ ಹಾಕಿ. ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ.

ತುಂಬುವಾಗ ಭಾರದ್ದು ಕೆಳಗೆ. 20 ಲೀಟರ್ ಪೇಂಟ್ ಬಕೆಟ್ ಮೂವತ್ತು ಕಿಲೋ ಹತ್ತಿರ ಇರುತ್ತದೆ, ಅದನ್ನು ತಟ್ಟೆಯ ನಡುವೆ ಇಡದೆ ಕಾಲಿನ ಪಕ್ಕಕ್ಕೆ ಇಡಿ. ಮನೆ ಕಟ್ಟಿಸಿ ಉಳಿದ ಟೈಲ್ಸ್ ಪೆಟ್ಟಿಗೆ, ಇನ್ವರ್ಟರ್ ಬ್ಯಾಟರಿ ಇವಕ್ಕೆ ನೆಲವೇ ಜಾಗ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದರ ಸುತ್ತ ಗಾಳಿ ಆಡಬೇಕು, ಹತ್ತಿರ ಥಿನ್ನರ್, ಪೆಟ್ರೋಲ್ ಸುಳಿಯಬಾರದು.

ಒಂದು ವಾರ ಬಿಟ್ಟು ಎಲ್ಲ ಬೋಲ್ಟ್‌ಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ಆಂಗಲ್‌ನ ತೂತುಗಳು ಉದ್ದಕ್ಕೆ ಇರುವುದರಿಂದ ಭಾರ ಬಿದ್ದ ಮೇಲೆ ಸ್ವಲ್ಪ ಜರುಗಿ ಸಡಿಲವಾಗುತ್ತವೆ. ಆಂಗಲ್ ಕತ್ತರಿಸಿದ ತುದಿಗಳಿಗೆ, ಬಣ್ಣ ಕೆರೆದ ಜಾಗಗಳಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಿರಿ. ಕರಾವಳಿಯವರು ಇದನ್ನು ಪ್ರತಿ ವರ್ಷ ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು ಮುಗಿಸಿಕೊಳ್ಳಿ.