ಸತು ಹಾಕದ ಕ್ಯುವೆಟ್ ಬೆಳಗಿದಾಗ

ಪೆರ್ಲದ ಸಮೀಪದ ಅಡಿಕೆ ತೋಟದ ಮನೆಯಿಂದ ಬಂದ ನಾನು ಕಾಸರಗೋಡಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಜೀವಕೋಶದೊಳಗಿನ ಸತುವನ್ನು ಬೆಳಕಾಗಿ ತೋರಿಸುವ ಅಣುಶೋಧಕವೊಂದನ್ನು ತಯಾರಿಸುವ ಕೆಲಸ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಇನ್ಸುಲಿನ್ ಶೇಖರವಾಗಿರುವುದು ಸತುವನ್ನು ನಡುವೆ ಹಿಡಿದ ಆರಾರು ಅಣುಗಳ ಗೊಂಚಲುಗಳಾಗಿ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಸಹಜವಾಗಿಯೇ ಹೇರಳವಾಗಿರುವ ಸತು ಕ್ಯಾನ್ಸರ್ ತಗಲಿದಾಗ ಗಣನೀಯವಾಗಿ ಇಳಿಯುತ್ತದೆ. ಆದ್ದರಿಂದ ವೈದ್ಯರಿಗೂ ಈ ಲೋಹದ ಮೇಲೆ ಕಣ್ಣಿದೆ. ತೊಂದರೆಯೆಂದರೆ, ಸತುವಿನ ಅಯಾನಿಗೆ ಬಣ್ಣವಿಲ್ಲ, ಕಾಂತಗುಣವೂ ಇಲ್ಲ. ಅದರ ಇರವನ್ನು ಬೇರೊಂದು ಅಣುವೇ ಹೇಳಬೇಕು.

ನಾನು ಆರಿಸಿಕೊಂಡದ್ದು ಹೊಸ ದಾರಿಯೇನಲ್ಲ. ಮಿದುಳಿನ ತೆಳು ಸೀಳುಗಳಲ್ಲಿ ಸತುವನ್ನು ಕಾಣಲು ಫ್ರೆಡರಿಕ್ಸನ್ ಮತ್ತು ಸಂಗಡಿಗರು 1987ರಲ್ಲಿ ವಿವರಿಸಿದ ಟಿ.ಎಸ್.ಕ್ಯು. ಎಂಬ ಶೋಧಕದ ಹತ್ತಿರದ ನೆಂಟ ಅದು. 8-ಅಮಿನೋಕ್ವಿನೊಲಿನ್‌ಗೆ ಪಿರಿಡೀನ್‌ನಲ್ಲಿ ಟೊಸಿಲ್ ಕ್ಲೋರೈಡ್ ಸೇರಿಸಿ, ದೊರೆತ ಪುಡಿಯನ್ನು ಬಿಸಿ ಎಥನಾಲ್‌ನಲ್ಲಿ ಕರಗಿಸಿ ಹರಳಾಗಿಸಿದರೆ ಆಯಿತು. ಸತು ಇಲ್ಲದಾಗ ಈ ಅಣು ಹೀರಿದ ನೇರಳಾತೀತ ಬೆಳಕಿನ ಬಹುಪಾಲನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ಎರಡು ಅಣುಗಳು ಸೇರಿ ಒಂದು ಸತುವನ್ನು ಹಿಡಿದಾಗ ಮಾತ್ರ ಹಸಿರುನೀಲಿಯಾಗಿ ಬೆಳಗುತ್ತದೆ.

ಹಾಗಿರುವಾಗ ಒಂದು ಆಟಿ ತಿಂಗಳ ಮಳೆಗಾಲದಲ್ಲಿ ಸತು ಹಾಕದ ಕ್ಯುವೆಟ್ಟೇ, ಎಂದರೆ ಅಳತೆಗಾಗಿ ದ್ರಾವಣ ತುಂಬಿಸುವ ಪುಟ್ಟ ಪಾರದರ್ಶಕ ಪಾತ್ರೆಯೇ, ಬೆಳಗತೊಡಗಿತು. ಶೋಧಕ ನೀರಿನಲ್ಲಿ ಮುದ್ದೆಗಟ್ಟಿ ಹೊಳೆಯುತ್ತಿದೆಯೆಂದು ಭಾವಿಸಿ ಒಂದು ವಾರವನ್ನು ಹಾಳುಮಾಡಿದೆ. ಕೊನೆಗೆ ಕ್ಯುವೆಟ್ಟಿಗೆ, ಶೋಧಕದಿಂದ ಸತುವನ್ನು ಕಸಿದು ಬಿಗಿಯಾಗಿ ಹಿಡಿದುಕೊಳ್ಳುವ ಇ.ಡಿ.ಟಿ.ಎ.ಯನ್ನು ಒಂದು ಹನಿ ಬಿಟ್ಟು ನೇರಳಾತೀತ ದೀಪದಡಿ ಹಿಡಿದೆ; ಹನಿ ಇಳಿದ ಜಾಡಿನಲ್ಲಿ ಮೊದಲು ಕಪ್ಪು ಗೆರೆಯೊಂದು ಮೂಡಿ, ಅಲ್ಲಾಡಿಸಿದಾಗ ಇಡೀ ದ್ರಾವಣ ಆರಿಹೋಯಿತು. ಎಂದರೆ ಶೋಧಕ ಸುಳ್ಳು ಹೇಳಿರಲಿಲ್ಲ, ಸತು ನಿಜವಾಗಿಯೂ ಅಲ್ಲಿತ್ತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಟ್ಟಿ ಇಳಿಸುವ ಯಂತ್ರ ನಿಂತ ದಿನಗಳಲ್ಲಿ ಗಾಜಿನ ಸಾಮಾನನ್ನು ಕೊನೆಯ ಬಾರಿ ನಳ್ಳಿ ನೀರಿನಲ್ಲೇ ತೊಳೆದಿಟ್ಟವನು ನಾನೇ. ನಮ್ಮ ಮುರಕಲ್ಲಿನ ನೆಲದ ನೀರು ತುಸು ಆಮ್ಲೀಯ, ಜಿ.ಐ. ಪೈಪಿನ ಒಳಗಿನ ಸತುವಿನ ಲೇಪವನ್ನು ಅದು ಮೆಲ್ಲಗೆ ಕರಗಿಸುತ್ತದೆ. ಖಾತ್ರಿಗಾಗಿ ಊರಿಗೆ ಹೋದಾಗ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಮನೆಯ ಸುರಂಗದ ಬಾಯಿಯಲ್ಲಿ ಒಂದು ಬಾಟಲಿ, ಅದೇ ನೀರು ಪೈಪಿನಲ್ಲಿ ರಾತ್ರಿಯಿಡೀ ನಿಂತು ಬೆಳಗ್ಗೆ ಅಡುಗೆಮನೆಯ ನಳ್ಳಿಯಿಂದ ಬಂದಾಗ ಇನ್ನೊಂದು ಬಾಟಲಿ ತುಂಬಿಸಿ ತಂದೆ. ಶೋಧಕ ಹಾಕಿ ನೋಡಿದರೆ ಮೊದಲನೆಯದು ಬಹುತೇಕ ಕತ್ತಲು, ಎರಡನೆಯದು ಸ್ಪಷ್ಟ ಬೆಳಕು. ಅಂದಿನಿಂದ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಗಳನ್ನಷ್ಟೇ ಬಳಸುತ್ತಿದ್ದೇನೆ. ರಬ್ಬರ್ ತಯಾರಿಕೆಯಲ್ಲಿ ಸತುವಿನ ಆಕ್ಸೈಡ್ ಇರುವುದರಿಂದ ಕೈಗವಸನ್ನೂ ಸಂಶಯದಿಂದಲೇ ನೋಡುತ್ತೇನೆ.

ಜೀವಕೋಶಗಳ ಹಂತದಲ್ಲಿ ಇದೇ ಪಾಠ ಬೇರೆ ವೇಷದಲ್ಲಿ ಎದುರಾಯಿತು. ಫಾಸ್ಫೇಟ್ ಸತುವನ್ನು ಕರಗದ ಗಸಿಯಾಗಿಸಿಬಿಡುವುದರಿಂದ, ಫಾಸ್ಫೇಟ್ ಇಲ್ಲದೆ ಆಮ್ಲೀಯತೆಯನ್ನು ಸ್ಥಿರವಾಗಿಡುವ ಹೆಪೆಸ್ ಬಫರ್ ಬಳಸಿ, ಸತುವನ್ನು ಪೊರೆ ದಾಟಿಸುವ ಪಿರಿಥಿಯೋನಿನ ನೆರವಿನಿಂದ ಕೋಶಗಳಿಗೆ ಸತು ಸೇರಿಸಿದಾಗ ಅವು ಚೆನ್ನಾಗಿಯೇ ಬೆಳಗಿದವು. ಆದರೆ ಇ.ಡಿ.ಟಿ.ಎ. ಹಾಕಿದರೂ ಬೆಳಕು ಆರಲಿಲ್ಲ. ಗಾಬರಿಯಾದ ಮೇಲೆ ಹೊಳೆದದ್ದು, ವಿದ್ಯುದಾವೇಶ ಹೊತ್ತ ಇ.ಡಿ.ಟಿ.ಎ. ಕೋಶದ ಪೊರೆಯನ್ನು ದಾಟಲಾರದು ಎಂಬ ಸಾಮಾನ್ಯ ಸಂಗತಿ. ಪೊರೆಯನ್ನು ದಾಟಿ ಸತುವನ್ನು ಹಿಡಿಯಬಲ್ಲ ಟಿ.ಪಿ.ಇ.ಎನ್. ಹಾಕಿದ ಮೇಲೆ ಬೆಳಕು ಇಳಿಯಿತು, ಪೂರ್ತಿ ಆರಲಿಲ್ಲ. ಉಳಿದ ಮಂದ ನೀಲಿ ಶೋಧಕವಿಲ್ಲದ ಕೋಶಗಳಲ್ಲಿಯೂ ಇತ್ತು, ಏಕೆಂದರೆ ನೇರಳಾತೀತದಡಿ ಕೋಶದ ಶಕ್ತಿ ಉತ್ಪಾದನೆಯಲ್ಲಿ ಪಾಲ್ಗೊಳ್ಳುವ ಅದರ ಸ್ವಂತ ಅಣು ಎನ್.ಎ.ಡಿ.ಎಚ್. ಕೂಡ ಬೆಳಗುತ್ತದೆ.

ಈ ಶೋಧಕ ರೋಗಿಯ ಮೈಗೆ ಸೇರುವಂಥದ್ದಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ನೇರಳಾತೀತ ಬೆಳಕು ಚರ್ಮದ ಮೇಲ್ಪದರಗಳಲ್ಲೇ ನಿಂತುಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಇಂಡೊಸಯನಿನ್ ಗ್ರೀನ್ ಎಂಬ ಬಣ್ಣದಂತೆ 800 ನ್ಯಾನೊಮೀಟರಿನ ಆಸುಪಾಸಿನ, ಕೆಂಪಿನಾಚೆಯ ತರಂಗಾಂತರದಲ್ಲಿ ಬೆಳಗಿದರೆ ಮಾತ್ರ ಅಂಗಾಂಶದ ಆಳದಿಂದ ಸುದ್ದಿ ಬಂದೀತು. ಅಂಥ ಉದ್ದನೆಯ ಬಣ್ಣದ ಅಣುವಿಗೆ ಸತು ಹಿಡಿಯುವ ಅದೇ ತುದಿಯನ್ನು ಜೋಡಿಸಿದ್ದೇನೆ. ಸದ್ಯಕ್ಕೆ ಅದು ಗಾಢ ಹಸಿರು ಪುಡಿಯಾಗಿ ಸೀಸೆಯಲ್ಲಿದೆ, ನೀರಿನಲ್ಲಿ ಮಾತ್ರ ಕರಗುತ್ತಿಲ್ಲ.