ಹಣ್ಣು ಮೆಣಸಿನಕಾಯಿ ಬಂದಾಗ ರಂಜಕ ಹಾಕುವ ಬಗೆ

ಎಳ್ಳಮವಾಸ್ಯೆಯ ಆಸುಪಾಸಿನಲ್ಲಿ ಕುಂದಗೋಳ, ಗದಗ, ಬ್ಯಾಡಗಿ ಕಡೆಯ ಎರಿ ಹೊಲಗಳಲ್ಲಿ ಮೆಣಸಿನಕಾಯಿ ಹಣ್ಣಾಗುತ್ತದೆ. ಬಹುಪಾಲು ಒಣಗಲು ಕಣಕ್ಕೆ ಹೋದರೂ ಒಂದಿಷ್ಟು ಹಸಿಯಾಗಿಯೇ ಸಂತೆಗೆ ಬರುತ್ತದೆ. ರಂಜಕ, ಅಂದರೆ ಹಣ್ಣು ಮೆಣಸಿನಕಾಯಿ ಅರೆದು ಹುಳಿ ಬರಿಸಿದ ಖಾರದ ಚಟ್ನಿ, ಹಾಕಲು ಇದೇ ಕಾಲ. ಬಿಸಿಲು ಏರಿದ ಮೇಲೆ ಕಾಯಿ ಸುಕ್ಕುಗಟ್ಟಿ ರಸ ಇಳಿಯುತ್ತದೆ, ಭರಣಿಯಲ್ಲಿ ಹುಳಿಯೂ ಬೇಗ ಬಂದು ಕೈಮೀರುತ್ತದೆ.

ಅರ್ಧ ಕಿಲೋ ಹಣ್ಣು ಮೆಣಸಿನಕಾಯಿಗೆ ಕಲ್ಲುಪ್ಪು 60 ಗ್ರಾಂ, 5–6 ಲಿಂಬಿಕಾಯಿಯ ರಸ, ಮೆಂತೆಕಾಳು ಒಂದು ಚಹಾ ಚಮಚ, ಇಂಗು ಅರ್ಧ ಚಮಚ, ಲಿಂಬಿಕಾಯಿ ಗಾತ್ರದ ಬೆಲ್ಲ ಬೇಕು. ಬ್ಯಾಡಗಿಯ ಕಡ್ಡಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಸಿಪ್ಪೆ ತೆಳು. ಅದೊಂದನ್ನೇ ಹಾಕಿದರೆ ರಂಜಕ ಸಪ್ಪೆ ಅನಿಸುತ್ತದೆ. ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಖಾರದ, ತಿರುಳಿರುವ ಕಾಯಿ ಸೇರಿಸಿದರೆ ಹದ ಸರಿ. ಒತ್ತಿದಾಗ ಗಟ್ಟಿಯಾಗಿರುವ, ತೊಟ್ಟು ಇನ್ನೂ ಹಸಿರಿರುವ ಕಾಯಿ ಆರಿಸಿ. ತೊಟ್ಟಿನ ಬುಡ ಮೆತ್ತಗಾಗಿದ್ದರೆ ಒಳಗೆ ಬೂಸರು ಇರುತ್ತದೆ. ಅಂಥದೊಂದು ಕಾಯಿ ಸಾಕು, ಇಡೀ ಭರಣಿ ಕೆಡಲು.

ತೊಟ್ಟು ಇರುವಾಗಲೇ ತೊಳೆಯಿರಿ. ತೊಟ್ಟು ಮುರಿದು ತೊಳೆದರೆ ಆ ತೂತಿನಿಂದ ನೀರು ಒಳಗೆ ಇಳಿಯುತ್ತದೆ, ಆಮೇಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಹತ್ತಿ ಬಟ್ಟೆಯ ಮೇಲೆ ನೆರಳಲ್ಲಿ 4–5 ತಾಸು ಹರವಿ, ಪೂರ್ತಿ ಆರಿದ ಮೇಲೆ ತೊಟ್ಟು ತೆಗೆಯಿರಿ. ಕೈಗೆ ಮೊದಲೇ ಎಣ್ಣಿ ಸವರಿಕೊಳ್ಳಿ. ಖಾರ ನೀರಿಗೆ ಬಿಡುವುದಿಲ್ಲ. ಕೈ ಉರಿದರೆ ಮತ್ತೆ ಎಣ್ಣಿ ಹಚ್ಚಿ ಉಜ್ಜಿ, ಆಮೇಲೆ ಸಾಬೂನು.

ಕಾಯಿಯನ್ನು ಉಪ್ಪಿನ ಜೊತೆ ತರಿತರಿಯಾಗಿ ಅರೆಯಿರಿ. ಮಿಕ್ಸರ್ ಆದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಸಿಯಾದರೆ ಬಣ್ಣ ಮಂಕಾಗುತ್ತದೆ. ಒಂದು ಹನಿ ನೀರೂ ಬೇಡ. ಒಣಗಿದ ಪಿಂಗಾಣಿ ಇಲ್ಲವೇ ಗಾಜಿನ ಭರಣಿಗೆ ತುಂಬಿ, ಮೇಲೆ ಮೂರನೇ ಒಂದು ಭಾಗ ಖಾಲಿ ಬಿಡಿ. ಹುಳಿ ಬರುವಾಗ ಗಾಳಿಗುಳ್ಳೆ ಎದ್ದು ಮುದ್ದೆ ಉಬ್ಬುತ್ತದೆ, ಕಂಠಮಟ್ಟ ತುಂಬಿದ್ದರೆ ಹೊರಗೆ ಹರಿಯುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಮೂರು ದಿನ ಇಡಿ, ದಿನಕ್ಕೊಮ್ಮೆ ಒಣ ಕಟ್ಟಿಗೆಯ ಸೌಟಿನಿಂದ ಬುಡದವರೆಗೆ ತಿರುವಿ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆಗೆ ಉಪ್ಪು-ಹುಳಿ ತಾಗಿದರೆ ಲೋಹದ ರುಚಿ ಇಳಿಯುತ್ತದೆ.

ನಾಲ್ಕನೇ ದಿನ ಹುಳಿಯ ಘಮ ಬಂದಿರುತ್ತದೆ. ಮೆಂತೆಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ಪುಡಿ ಮಾಡಿ. ಕಪ್ಪಗಾದರೆ ಚೆಲ್ಲಿ ಬೇರೆ ಹುರಿಯಿರಿ, ರಂಜಕ ಕಹಿಯಾಗುವುದು ಹೆಚ್ಚಾಗಿ ಇದರಿಂದಲೇ. ಈ ಪುಡಿ, ಇಂಗು, ಬೆಲ್ಲ, ಲಿಂಬಿರಸ ಸೇರಿಸಿ ಇನ್ನೊಮ್ಮೆ ನುಣ್ಣಗೆ ಅರೆದರೆ ರಂಜಕ ಆಯಿತು.

ಬಳ್ಳೊಳ್ಳಿಯನ್ನು ಹಲವರು ಇದರಲ್ಲೇ ಅರೆಯುತ್ತಾರೆ. ಬಹಳ ದಿನ ಇಡುವುದಾದರೆ ಬೇಡ. ಉಣ್ಣುವ ದಿನ ಬೇಕಾದಷ್ಟೇ ರಂಜಕ ತೆಗೆದು, ಜಜ್ಜಿದ ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟರೆ ಘಮವೂ ತಾಜಾ ಇರುತ್ತದೆ.

ಮೇಲೆ ಹತ್ತಿಯಂತೆ ಬಿಳಿ, ಹಸಿರು ಅಥವಾ ಕಪ್ಪು ಬೂಸರು ಎದ್ದರೆ ಮೇಲಿನದಷ್ಟೇ ತೆಗೆದು ಉಳಿದದ್ದನ್ನು ಉಣ್ಣಬೇಡಿ, ಪೂರ್ತಿ ಚೆಲ್ಲಿ. ಉಪ್ಪು ಕಡಿಮೆಯಾಗಿರುತ್ತದೆ, ಇಲ್ಲವೇ ತೇವದ ಚಮಚ ಹೋಗಿರುತ್ತದೆ. ಹೊಸದಾಗಿ ಹಾಕುವವರು ನಾಲ್ಕನೇ ದಿನದಿಂದಲೇ ಫ್ರಿಜ್‌ನಲ್ಲಿಡುವುದು ಒಳ್ಳೆಯದು. ಮಳೆಗಾಲದಲ್ಲಂತೂ ಹೊರಗೆ ಇಡಲೇಬೇಡಿ.

ಚಳಿಗಾಲದಲ್ಲಿ ಬಿಸಿ ಜೋಳದ ರೊಟ್ಟಿಯ ಮೇಲೆ ರಂಜಕ ಹಾಕಿ, ನಡುವೆ ಕುಣಿ ಮಾಡಿ ಶೇಂಗಾ ಎಣ್ಣಿ ಬಿಟ್ಟುಕೊಳ್ಳಿ. ಪಕ್ಕಕ್ಕೆ ಹಸಿ ಹಕ್ಕರಕಿ ಸೊಪ್ಪು, ಉಳ್ಳಾಗಡ್ಡಿ ತಪ್ಪಲ. ಬೇಸಿಗೆಗೆ ಒಂದು ಚಮಚ ರಂಜಕವನ್ನು ಒಂದು ಬಟ್ಟಲು ಗಟ್ಟಿ ಮೊಸರಿಗೆ ಕಲಸಿದರೆ ಸಾಕು. ಅದಕ್ಕೆ ಮತ್ತೆ ಉಪ್ಪು ಹಾಕಬೇಡಿ.