ಕುರ್ಚಿ ಬಿಟ್ಟು ಏಳುವ ಮುನ್ನ ಕಂಪ್ಯೂಟರಿಗೆ ಬೀಗ

ಕಚೇರಿಯಲ್ಲಿ ಕಂಪ್ಯೂಟರನ್ನು ತೆರೆದಿಟ್ಟು ಊಟಕ್ಕೋ ಚಹಾಕ್ಕೋ ಎದ್ದು ಹೋದರೆ, ಮುಂದೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರ ಕೈಗೆ ನಿಮ್ಮ ಇಮೇಲ್, ಕಡತಗಳು ಹಾಗೂ ಬ್ರೌಸರಿನಲ್ಲಿ ಲಾಗಿನ್ ಆಗಿರುವ ಖಾತೆಗಳೆಲ್ಲವೂ ಸಿಗುತ್ತವೆ. ಪರದೆಯನ್ನು ಮುಚ್ಚಿ ಪಾಸ್‌ವರ್ಡ್ ಕೇಳುವ ಉಚಿತ ತಂತ್ರಾಂಶಗಳು ಅಂತರ್ಜಾಲದಲ್ಲಿ ದೊರೆಯುತ್ತವಾದರೂ, ಸಾಮಾನ್ಯ ಪ್ರೋಗ್ರಾಂನಂತೆ ಓಡುವ ಇಂಥವನ್ನು, ಓಡುತ್ತಿರುವ ಪ್ರೋಗ್ರಾಂಗಳನ್ನು ನಿಲ್ಲಿಸಬಲ್ಲ ಟಾಸ್ಕ್ ಮ್ಯಾನೇಜರ್ ತೆರೆದೋ ಕಂಪ್ಯೂಟರನ್ನು ಮರುಚಾಲನೆ ಮಾಡಿಯೋ ದಾಟಲು ಸಾಧ್ಯವಿರುತ್ತದೆ. ವಿಂಡೋಸ್‌ನ ಸ್ವಂತ ಲಾಕ್ ಪರದೆಯಾದರೋ ನೀವು ತೆರೆದಿಟ್ಟ ಪ್ರೋಗ್ರಾಂಗಳು ತಲುಪಲಾಗದ ಪ್ರತ್ಯೇಕ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುತ್ತದೆ. ಆದ್ದರಿಂದ ಇಲ್ಲಿ ವಿಂಡೋಸ್ 10 ಮತ್ತು 11ರಲ್ಲಿ ಮೊದಲೇ ಇರುವ ಸೌಲಭ್ಯಗಳನ್ನಷ್ಟೇ ವಿವರಿಸಲಾಗಿದೆ.

ಮೊದಲು ನಿಮ್ಮ ಖಾತೆಗೆ ಪಾಸ್‌ವರ್ಡ್ ಇದೆಯೇ ಎಂದು ನೋಡಿಕೊಳ್ಳಿ. ಅದಿಲ್ಲದ ಲಾಕ್ ಚಿಲಕವಿಲ್ಲದ ಬಾಗಿಲಿನಂತೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಪ್ಷನ್ಸ್ ತೆರೆದರೆ ಪಾಸ್‌ವರ್ಡ್ ಮತ್ತು ಪಿನ್ ಎರಡನ್ನೂ ಹೊಂದಿಸಬಹುದು. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೀಮಿತವಾಗಿರುವುದರಿಂದ, ಪಕ್ಕದವರು ಅದನ್ನು ಕದ್ದು ನೋಡಿದರೂ ಬೇರೆ ಕಂಪ್ಯೂಟರಿನಿಂದ ನಿಮ್ಮ ಖಾತೆಗೆ ಪ್ರವೇಶಿಸಲಾಗದು. ಒಂದೇ ಖಾತೆಯನ್ನು ನಾಲ್ಕಾರು ಮಂದಿ ಬಳಸುವ ಕಡೆ ಬೀಗದಿಂದ ಪ್ರಯೋಜನವೇ ಇಲ್ಲ; ಅಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ತೆರೆಯಲೇಬೇಕು.

ಎದ್ದು ಹೋಗುವಾಗ ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಎಲ್ ಕೀಲಿಯನ್ನು ಒತ್ತಿರಿ. ಪರದೆ ಕೂಡಲೇ ಲಾಕ್ ಆಗುತ್ತದೆ, ತೆರೆದಿದ್ದ ಪ್ರೋಗ್ರಾಂಗಳು ಹಿಂದೆ ಹಾಗೆಯೇ ಇರುತ್ತವೆ. ಕರೆಂಟ್ ಹೋಗುವ ಊರುಗಳಲ್ಲಿ, ಅದರಲ್ಲೂ ಯುಪಿಎಸ್ ಇಲ್ಲದಿದ್ದರೆ, ಮಾಡುತ್ತಿದ್ದ ಕೆಲಸವನ್ನು ಮೊದಲು ಸೇವ್ ಮಾಡುವುದು ಒಳ್ಳೆಯದು.

ಕೀಲಿ ಒತ್ತಲು ಮರೆತ ದಿನಕ್ಕೆಂದು ಸ್ಕ್ರೀನ್ ಸೇವರ್ ಇದೆ. ಹುಡುಕುವ ಪೆಟ್ಟಿಗೆಯಲ್ಲಿ ಸ್ಕ್ರೀನ್ ಸೇವರ್ ಎಂದು ಇಂಗ್ಲಿಷಿನಲ್ಲಿ ಬೆರಳಚ್ಚಿಸಿ, ತೆರೆಯುವ ಕಿಟಕಿಯಲ್ಲಿ ಬ್ಲ್ಯಾಂಕ್ ಎಂಬುದನ್ನು ಆರಿಸಿ, ವೇಟ್ ಎಂಬಲ್ಲಿ 3 ಅಥವಾ 5 ನಿಮಿಷ ಎಂದು ನಮೂದಿಸಿ, ಅದರ ಬದಿಯಲ್ಲಿರುವ ಆನ್ ರೆಸ್ಯೂಮ್ ಪೆಟ್ಟಿಗೆಗೆ ಟಿಕ್ ಹಾಕಿ. ಈ ಟಿಕ್ ಬಿಟ್ಟುಹೋದರೆ ಪರದೆ ಕಪ್ಪಾಗುತ್ತದೆಯೇ ಹೊರತು ಮೌಸ್ ಅಲುಗಿಸಿದವರಿಗೆಲ್ಲ ತೆರೆದುಕೊಳ್ಳುತ್ತದೆ. ಪರದೆಯಲ್ಲಿ ವಿಡಿಯೊ ಓಡುತ್ತಿರುವಾಗ ಸ್ಕ್ರೀನ್ ಸೇವರ್ ಶುರುವಾಗದೆಯೂ ಇರಬಹುದಾದ್ದರಿಂದ ಇದನ್ನೊಂದನ್ನೇ ನೆಚ್ಚಿಕೊಳ್ಳಬಾರದು. ಬ್ಲೂಟೂತ್ ಮೂಲಕ ಫೋನನ್ನು ಜೋಡಿಸಿಕೊಂಡು, ಅದು ದೂರ ಸರಿದ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಲಾಕ್ ಆಗುವ ಡೈನಾಮಿಕ್ ಲಾಕ್ ಕೂಡ ಸೈನ್-ಇನ್ ಆಪ್ಷನ್ಸ್‌ನಲ್ಲೇ ಇದೆ. ಫೋನನ್ನು ಮೇಜಿನ ಮೇಲೆ ಮರೆತು ಹೋಗುವವರಿಗೆ ಅದು ಒದಗದು.

ಕನ್ನಡ ಕೀಲಿಮಣೆ ವಿನ್ಯಾಸವನ್ನೂ ಸೇರಿಸಿಕೊಂಡಿರುವವರು, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಕ್ ತೆರೆಯದಿದ್ದರೆ ಗಾಬರಿಯಾಗದೆ ಪರದೆಯ ಕೆಳಗಿನ ಬಲಮೂಲೆಯಲ್ಲಿರುವ ಭಾಷೆಯ ಗುರುತನ್ನು ನೋಡಬೇಕು. ಅಲ್ಲಿ ಕನ್ನಡವಿದ್ದರೆ ಇಂಗ್ಲಿಷಿಗೆ ಬದಲಾಯಿಸಿ ಮತ್ತೆ ಬೆರಳಚ್ಚಿಸಿದರಾಯಿತು. ಲಾಕ್ ಆದ ಪರದೆಯ ಮೇಲೂ ಸಂದೇಶಗಳ ಸೂಚನೆ ಕಾಣಿಸಿಕೊಳ್ಳುವುದುಂಟು. ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ಸ್ ವಿಭಾಗದಲ್ಲಿ ಅದನ್ನು ನಿಲ್ಲಿಸಿ.

ಲಾಕ್ ಮಾಡಿದ ಮಾತ್ರಕ್ಕೆ ಹಾರ್ಡ್ ಡಿಸ್ಕ್‌ನಲ್ಲಿರುವ ಕಡತಗಳು ಗೂಢಲಿಪಿಯಾಗುವುದಿಲ್ಲ. ಯಂತ್ರವನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡುವವರು, ಇಲ್ಲವೇ ಡಿಸ್ಕನ್ನೇ ಬಿಚ್ಚಿ ಒಯ್ಯುವವರು ಅವನ್ನು ಓದಬಹುದು. ಆ ಭಯವಿರುವ ಕಡೆ ಡಿಸ್ಕನ್ನೇ ಗೂಢಲಿಪಿಗೊಳಿಸುವ, ವಿಂಡೋಸ್ ಪ್ರೊ ಆವೃತ್ತಿಯಲ್ಲಿರುವ ಬಿಟ್‌ಲಾಕರ್ ಅನ್ನು ಚಾಲನೆಗೊಳಿಸಿ, ಅದು ನೀಡುವ ರಿಕವರಿ ಕೀಯನ್ನು (ಡಿಸ್ಕ್ ತೆರೆದುಕೊಳ್ಳದಿದ್ದಾಗ ಬೇಕಾಗುವ ಸಂಖ್ಯೆ) ಆ ಕಂಪ್ಯೂಟರಿನಿಂದ ಹೊರಗೆ, ನಿಮಗಷ್ಟೇ ತಿಳಿದ ಜಾಗದಲ್ಲಿ ಇರಿಸಿಕೊಳ್ಳಬೇಕು.